ಎಡಕ್ಕೆ ಬಿದ್ದ ಹೂ

ಹನೋಯ್‌ಗೆ ಹೋಗುವುದೋ ಸೈಗಾನ್‌ಗೆ ಹೋಗುವುದೋ ಎಂದು ನಾನು ಮನೆಯಲ್ಲಿ ತಾಟು ಎಸೆದು ಜಗಳಾಡುತ್ತಿದ್ದ ದಿನಗಳಲ್ಲಿ ನನ್ನ ಹೆಂಡತಿ ಶೈಲಶ್ರೀಯ ಎದೆಯಲ್ಲಿ ಒಂದು ಗಂಟು ಬೆಳೆಯುತ್ತಿತ್ತು. ಕಡಲೆಕಾಳಿನಷ್ಟು ಇದ್ದದ್ದು ಅಡಿಕೆಯಷ್ಟು ಆಗಿತ್ತು. ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯತನಕ ಮುಚ್ಚಿಟ್ಟು ಓದುವವರನ್ನು ಬೆಚ್ಚಿಬೀಳಿಸುವ ಉಮೇದು ನನಗಿಲ್ಲ.

ಗಜೇಂದ್ರಗಡದಲ್ಲಿ ನನ್ನದು ಬೀಜ ಗೊಬ್ಬರದ ಅಂಗಡಿ. ಇಪ್ಪತ್ತೆರಡು ವರ್ಷವಾಯಿತು. ಬೀಜದ ಕಂಪನಿಗಳಲ್ಲಿ ಒಂದು ಪದ್ಧತಿ ಇದೆ. ಅವರು ಹೇಳಿದಷ್ಟು ಮಾಲು ಮಾರಿದ ಅಂಗಡಿಕಾರರನ್ನು ಹೆಂಡತಿ ಸಮೇತ ಪರದೇಶಕ್ಕೆ ಕರೆದುಕೊಂಡು ಹೋಗುತ್ತಾರೆ. ನರಗುಂದದ ಅಂಗಡಿಯವರಿಗೆ ಕಾಲುವೆ ನೀರಿನ ಜೋರು, ಮಾಲು ತಾನಾಗಿ ಹೋಗುತ್ತದೆ. ಅವರು ವರ್ಷ ವರ್ಷ ಬ್ಯಾಂಕಾಕ್, ದುಬೈ ಎಂದು ಹೋಗಿ ಟೊಪ್ಪಿಗೆ ಹಾಕಿಕೊಂಡ ಫೋಟೊ ಕಳಿಸುತ್ತಿದ್ದರು. ನಾವು ಇಲ್ಲಿ ಮೊಬೈಲಿನಲ್ಲಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆವು. ಈ ಸಲ ಗೋವಿನಜೋಳದ ಬೀಜ ಚೆನ್ನಾಗಿ ಓಡಿತು. ಪಟ್ಟಿಯಲ್ಲಿ ನನ್ನ ಹೆಸರೂ ಬಂತು.

ದೀಪಾವಳಿ ಮುಗಿದ ವಾರ ಕಂಪನಿಯ ಕನಕರಾಜ ಫಾರ್ಮು ಹಿಡಿದುಕೊಂಡು ಮನೆಗೆ ಬಂದ. ರಾಣೆಬೆನ್ನೂರಿನವನು. ಬೀಜ ಮೊಳೆಯದಿದ್ದರೂ ನೆಲದ್ದೇ ತಪ್ಪು ಎಂದು ರೈತನನ್ನು ಒಪ್ಪಿಸಿ ಚಹಾ ಕುಡಿದು ಹೋಗುವ ಪೈಕಿ.

"ಎರಡು ಬ್ಯಾಚು ಮಾಡ್ಯಾರ್ರಿ ಸಾವಕಾರ್ರ," ಎಂದ. "ಒಂದು ಹನೋಯ್, ಒಂದು ಹೋ ಚಿ ಮಿನ್ ಸಿಟಿ. ಅದರ ಹಳೇ ಹೆಸರು ಸೈಗಾನ್, ನಾವು ಹಂಗ ಅನ್ನೋಣು, ನಾಲಿಗಿಗೆ ಹಗರ. ಎರಡೂ ವಿಯೆಟ್ನಾಂದಾಗ ಅದಾವು, ಆದ್ರ ಅಕ್ಕನ ಹಂಗ ತಂಗಿ ಇಲ್ಲ. ಹನೋಯ್ ವಯಸ್ಸಾದ ಊರು. ಊರ ನಡುವ ಕೆರಿ, ಕೆರಿಯಾಗ ಗುಡಿ, ಸಣ್ಣ ಸಣ್ಣ ಓಣಿ. ಜನವರಿಯೊಳಗ ಮಂಜು ಬೀಳತೈತಿ, ಸ್ವೆಟರ್ ಬೇಕು. ಸೈಗಾನ್ ಅಂದ್ರ ನಮ್ಮ ಏಪ್ರಿಲ್ ಬಿಸಲು. ಮುಗಿಲ ಮುಟ್ಟೂ ಬಿಲ್ಡಿಂಗು, ಇರಿವಿ ಸಾಲಿನಂಗ ಸ್ಕೂಟರು, ಸಮುದ್ರದಂಥಾ ಹೊಳಿಯಾಗ ಬೋಟು. ಗದ್ದಲೋ ಗದ್ದಲ. ನಿಮಗ ಯಾವ್ದು ಬೇಕೋ ಟಿಕ್ ಮಾಡ್ರಿ."

ಮೊಬೈಲಿನಲ್ಲಿ ಎರಡೂ ಊರು ತೋರಿಸಿದ. ಹನೋಯ್‌ದು ಮುಂಜಾವಿನ ಚಿತ್ರ. ಮಬ್ಬು ಮಬ್ಬು ಕೆರೆ, ದಂಡೆಯ ಮೇಲೆ ಒಬ್ಬ ಮುದುಕಿ ದಪ್ಪ ಸ್ವೆಟರ್ ಹಾಕಿಕೊಂಡು ಕೈ ಬೀಸಿ ಬೀಸಿ ವ್ಯಾಯಾಮ ಮಾಡುತ್ತಿದ್ದಳು. ಶೈಲಶ್ರೀ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿದಳು.

"ಅಯ್ಯ, ಬಾಯಾಗಿಂದ ಹೊಗಿ ಬರಾಕತ್ತೈತಿ ನೋಡ್ರಿ ಮುದುಕೀದು!" ಎಂದು ನಕ್ಕಳು. "ನಾ ಇಂಥಾ ಚಳಿ ಕಂಡೇ ಇಲ್ಲ. ಹನೋಯ್ ಬರೀರಿ."

"ಚಳಿ ನೋಡಾಕ ವಿಮಾನ ಹತ್ತಬೇಕೇನ? ಸಂಕ್ರಾಂತಿ ದಿವಸ ನಸುಕಿನ್ಯಾಗ ಗುಡ್ಡದ ಮ್ಯಾಲ ನಿಂದರಸ್ತೇನಿ ಬಾ, ಹೊಗಿ ಬರತೈತಿ."

ಕನಕರಾಜ ನಕ್ಕ. ಅವಳು ನಗಲಿಲ್ಲ.

ನನಗೆ ಸೈಗಾನ್ ಏಕೆ ಬೇಕಾಗಿತ್ತು ಎಂದರೆ, ನರಗುಂದದವರೆಲ್ಲ ಸೈಗಾನ್ ಬರೆಸಿದ್ದರು. ಅವರಲ್ಲಿ ಅಂದಾನೆಪ್ಪ ಎಂಬವನು ಹಿಂದಿನ ವರ್ಷ ರೋಣದ ಮೀಟಿಂಗಿನಲ್ಲಿ ಎಲ್ಲರ ಮುಂದೆ, "ಗಜೇಂದ್ರಗಡದವರು ಗುಡ್ಡ ಇಳದು ಇಲ್ಲೀತನ ಬಂದಾರಲ್ಲ, ಅವರಿಗೆ ಇದ ದೊಡ್ಡ ಫಾರಿನ್ ಟೂರು," ಎಂದಿದ್ದ. ಮಂದಿ ಬಿದ್ದು ಬಿದ್ದು ನಕ್ಕಿತ್ತು. ನನಗೆ ಅವನಿದ್ದ ಬಸ್ಸಿನಲ್ಲೇ, ಅವನ ಮುಂದಿನ ಸೀಟಿನಲ್ಲೇ ಕೂಡಬೇಕಾಗಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಏನೂ ಇರಲಿಲ್ಲ.

ಫಾರ್ಮು ಕೊಡಲು ಹತ್ತು ದಿನ ಇತ್ತು. ಹತ್ತೂ ದಿನ ಜಗಳ. ನನ್ನ ಸಿಟ್ಟು ಓಣಿಗೆಲ್ಲ ಗೊತ್ತು. ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿಸುತ್ತ, "ಒಂದ ಸಲ ನನ್ನ ಮಾತು ನಡೀಲಿ ಬಿಡ್ರಿ, ಮತ್ತ ಯಾವಾಗ ನಡೀತೈತೋ ಏನೋ," ಎಂದಳು. ನಾನು ತಾಟು ಎಸೆದೆ. ಜುಣುಕ ಗೋಡೆಗೆ ಹತ್ತಿತು. ಅವಳು ಗೋಡೆ ಒರೆಸಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಳು:

"ಜಗಳ ಬ್ಯಾಡ. ಹಣಮಪ್ಪಗ ಹೂ ಕೇಳೂಣು. ಬಲಕ್ಕ ಬಿದ್ರ ನನ್ನ ಊರು, ಎಡಕ್ಕ ಬಿದ್ರ ನಿಮ್ಮ ಊರು. ಆಮ್ಯಾಲ ಇಬ್ಬರೂ ಬಾಯಿ ಮುಚ್ಚೂಣು."

ನಮ್ಮ ಕಡೆ ಹೂ ಕೇಳದೆ ಯಾವ ಕೆಲಸವೂ ಆಗುವುದಿಲ್ಲ. ಹೆಣ್ಣು ಕೊಡಲಿಕ್ಕೆ, ಬೋರು ಹೊಡೆಸಲಿಕ್ಕೆ, ಎತ್ತು ತರಲಿಕ್ಕೆ, ಎಲ್ಲದಕ್ಕೂ ಕೇಳುತ್ತಾರೆ. ಪೂಜಾರಿ ಹೂವಿನ ಎಸಳು ನೀರಿಗೆ ಅದ್ದಿ ದೇವರ ಎಡಬಲ ಭುಜಕ್ಕೆ ಒಂದೊಂದು ಒತ್ತುತ್ತಾನೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲಗಡೆಯ ಎಸಳು ಬಿದ್ದರೆ ಮಾಡು ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬಿದ್ದ ಕೂಡಲೇ ಪೂಜಾರಿ ಗಂಟೆ ಹೊಡೆಯುತ್ತಾನೆ, ಆಗ ಕಣ್ಣು ತೆರೆಯಬೇಕು. ರಾಜೂರು ಶೈಲಶ್ರೀಯ ತವರು. ರಾಜೂರ ದಾರಿಯ ಸಣ್ಣ ಹಣಮಪ್ಪನ ಗುಡಿಯಲ್ಲಿ ಅವಳ ತವರಿನವರು ಮೂರು ತಲೆಮಾರಿನಿಂದ ಕೇಳುತ್ತ ಬಂದವರು. ನಮ್ಮ ಮದುವೆಯೂ ಅಲ್ಲಿ ಕೇಳಿಯೇ ಆದದ್ದು.

ನಾನು ಒಪ್ಪಿದೆ. ಒಪ್ಪಿ, ಅಂಗಡಿಗೆ ಹೋಗಿ ಪೂಜಾರಿ ಪರಶಪ್ಪನಿಗೆ ಫೋನು ಹಚ್ಚಿದೆ. ಮಳೆಗಾಲದಲ್ಲಿ ಯೂರಿಯಾ ಸಿಗದೆ ಮಂದಿ ಚಪ್ಪಲಿ ಸಾಲು ಹಚ್ಚಿ ನಿಂತಾಗ ನಾನು ಅವನಿಗೆ ಹಿಂದಿನ ಬಾಗಿಲಿನಿಂದ ಎರಡು ಚೀಲ ಕೊಟ್ಟಿದ್ದೆ.

"ಪರಶಪ್ಪಾ, ನಾಳೆ ಹೂ ಎಡಕ್ಕ ಬೀಳಬೇಕು."

"ಸಾವಕಾರ್ರ, ಅದು ನನ್ನ ಕೈಯಾಗ ಎಲ್ಲೈತ್ರಿ?"

"ಯೂರಿಯಾ ನನ್ನ ಕೈಯಾಗ ಇತ್ತಲ್ಲ?"

ಅವನು ದನಿ ತಗ್ಗಿಸಿ, "ಬಲಕ್ಕ ಗಂಧ ಹಚ್ಚಿ ಒತ್ತತೇನಿ. ಎಡಕ್ಕ ಒಣಾ ಎಸಳು ಇಡತೇನಿ. ಕೈ ಬಿಡೂದ್ರಾಗ ಬೀಳತೈತಿ," ಎಂದ. "ಆದ್ರ ಏನ್ ಕೇಳಾವ್ರು ಇದ್ದೀರಿ? ಜೀವದ ಮಾತಲ್ಲ ಹೌದಿಲ್ಲೋ?"

"ಟೂರಿನ ಮಾತೋ ಮಾರಾಯಾ."

"ಹಂಗಾರ ಆತು ಬಿಡ್ರಿ."

ಶನಿವಾರ ಮುಂಜಾನೆ ಹೋದೆವು. ಅವಳು ತಲೆಗೆ ಎರೆದುಕೊಂಡು ಒದ್ದೆ ಕೂದಲಲ್ಲೇ ಬಂದಿದ್ದಳು. ಪರಶಪ್ಪ ನನ್ನ ಮುಖ ನೋಡದೆ ಎಸಳು ಇಟ್ಟ. ಅವಳು ಕಣ್ಣು ಮುಚ್ಚಿದಳು. ನಾನು ಕಂಬಕ್ಕೆ ಒರಗಿ ನಿಂತೆ, ಕ್ಷಣದಲ್ಲಿ ಮುಗಿಯುತ್ತದೆ ಎಂದು.

ಮುಗಿಯಲಿಲ್ಲ. ಒಣ ಎಸಳು ಬೀಳಲೇ ಇಲ್ಲ. ಐದು ನಿಮಿಷ ಆಯಿತು, ಹತ್ತು ಆಯಿತು. ಗಾಳಿ ಬಂದು ದೀಪ ಅಲುಗಿತು, ಎಸಳು ಅಲುಗಲಿಲ್ಲ. ಪರಶಪ್ಪನ ಹಣೆಯ ಮೇಲೆ ಬೆವರು ಬಂತು. ಶೈಲಶ್ರೀಯ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂತು. ಒಂದು ಊರಿನ ಸಲುವಾಗಿ ಇಷ್ಟು ಅಳುವುದೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಯ ಮುಂದೆ ಕಡಲೆಗೆ ಔಷಧ ಒಯ್ಯಲು ಅಬ್ಬಿಗೇರಿಯವರು ಬಂದು ನಿಂತು ಎರಡು ಸಲ ಫೋನು ಮಾಡಿದ್ದರು. ನಾನು ಮುಂದೆ ಹೋಗಿ, ದೇವರ ಎದುರಿಗೆ ತೂಗುಬಿಟ್ಟ ದೊಡ್ಡ ಗಂಟೆಯನ್ನು ಹಗ್ಗ ಹರಿಯುವ ಹಾಗೆ ಎರಡು ಸಲ ಬಾರಿಸಿದೆ. ಆ ಸಣ್ಣ ಗುಡಿಯ ಕಲ್ಲೆಲ್ಲ ಝುಂ ಎಂದಿತು. ಎಡಗಡೆಯ ಎಸಳು ಬಿತ್ತು.

ಅವಳು ಕಣ್ಣು ತೆರೆದಳು. ಬಿದ್ದ ಎಸಳು ನೋಡಿದಳು. ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಜಂಪರಿನೊಳಗೆ ಇಟ್ಟುಕೊಂಡಳು.

"ಆತು ಬಿಡ್ರಿ," ಎಂದಳು. ಅಷ್ಟೇ.

ಅವತ್ತೇ ಸಂಜೆ ನಾನು ಸೈಗಾನ್ ಎಂದು ಟಿಕ್ ಮಾಡಿದೆ. ಮನೆಯಲ್ಲಿ ಜಗಳ ನಿಂತಿತು. ಅವಳು ಒಮ್ಮೆಯೂ ಹನೋಯ್ ಹೆಸರೆತ್ತಲಿಲ್ಲ. ಕಂಪನಿಯವರು ತಮ್ಮ ಹೆಸರು ಬರೆದ ಎರಡು ಕೆಂಪು ಸೂಟಕೇಸು ಕಳಿಸಿದರು. ಅವಳು ಅವುಗಳ ಮೇಲೆ ಹಾಸಿಗೆಯ ಹಳೆಯ ಚಾದರ ಹೊದಿಸಿ ಇಟ್ಟಳು. ನಾನು ಮಾತ್ರ ಬಂದವರಿಗೆಲ್ಲ ಚಾದರ ತೆಗೆದು ತೋರಿಸಿದೆ.

ಡಿಸೆಂಬರ್ ಕೊನೆಗೆ ಒಂದು ದಿನ, ಅಂಗಡಿಯಲ್ಲಿ ಗಿರಾಕಿ ತುಂಬಿದ್ದಾಗ, ನಮ್ಮ ಓಣಿಯ ಹುಸ್ನಾ ಬಂದು ಮೆಟ್ಟಿಲ ಕೆಳಗೆ ನಿಂತಳು. ದಾದಾಪೀರನ ಹೆಂಡತಿ, ಹೆಂಗಸರ ಬಟ್ಟೆ ಹೊಲಿಯುವವಳು. ವಿಮಾನದಲ್ಲಿ ಸೀರೆ ತೊಡಕು ಎಂದು ಕಂಪನಿಯವರು ಹೇಳಿದ್ದಕ್ಕೆ ಶೈಲಶ್ರೀ ಅವಳ ಹತ್ತಿರ ಜೀವನದಲ್ಲಿ ಮೊದಲ ಸಲ ಚೂಡಿದಾರ ಹೊಲಿಯಲು ಹಾಕಿದ್ದಳು.

"ಅಣ್ಣಾರ, ಹೊರಗ ಬರ್ರಿ."

"ಕೂಲಿ ಮನ್ಯಾಗ ಇಸಗೋ ಬೇ, ಗದ್ದಲದಾಗ ಅದೇನಿ."

"ಕೂಲಿಗೆ ಬೆಂಕಿ ಹಾಕ್ರಿ. ಬರ್ರಿ ಅಂದ್ರ ಬರ್ರಿ."

ಅವಳು ನನಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಹೋದೆ.

"ಅಳತಿ ತಗೊಳ್ಳಾಕ ಟೇಪ್ ಹಿಡದ್ರ ಅಕ್ಕಾರು ಚಿಟ್ಟನ ಚೀರಿದ್ರು. ಎಡಗಡಿ ಎದಿಯಾಗ ಗಂಟ ಐತಿ, ಅಡಕಿಯಷ್ಟು. ಬಗಲಾಗೂ ಒಂದು ಕೈಗೆ ಹತ್ತತೈತಿ. ಯಾರಿಗೂ ಹೇಳಬ್ಯಾಡ ಅಂತ ನನ್ನ ಮಕ್ಕಳ ಮ್ಯಾಲ ಆಣಿ ಹಾಕಿಸ್ಯಾರ. ನಾ ಆಣಿ ಮುರದೇನಿ, ಅಲ್ಲಾ ನೋಡ್ಕೊಳ್ಳಲಿ. ನಮ್ಮ ಅತ್ತಿ ಮಾಸುಮಬಿ ಹಿಂಗ ಮುಚ್ಚಿಟ್ಟ ಹೋದ್ಲು." ಅವಳ ಕಣ್ಣು ಕೆಂಪಾಗಿತ್ತು. "ಒಂದ ಹಾಸಿಗ್ಯಾಗ ಮಲಗತೀರಿ. ನಿಮಗ ಕಣ್ಣಿಲ್ಲೇನ್ರಿ?"

ನಾನು ಅಂಗಡಿ ಹಾಗೇ ಬಿಟ್ಟು ಮನೆಗೆ ಹೋದೆ. ಶೈಲಶ್ರೀ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಹುಸ್ನಾ ಹೇಳಿದ್ಲು ಹೌದಿಲ್ಲೋ?"

"ಯಾವಾಗಿಂದ ಐತಿ?"

"ಚೌತಿಗಿಂತ ಮೊದಲಿಂದ."

"ನಾಕ ತಿಂಗಳಾತು! ನನಗ ಹೇಳಾಕ ಏನಾಗಿತ್ತ ನಿನಗ? ಬಾಯಾಗ ಮಣ್ಣಿನ ಹೆಂಟಿ ಇತ್ತೇನ?"

"ನೋಡ್ರಿ, ಇದಕ್ಕ ಹೇಳಲಿಲ್ಲ," ಎಂದಳು ಮೊರ ಅಲುಗಾಡಿಸುತ್ತ.

ಹುಬ್ಬಳ್ಳಿಗೆ ಈಗಲೇ ಹೊರಡು ಎಂದೆ. ಅವಳು ಏಳಲಿಲ್ಲ. ಅವಳ ತಾಯಿ ಚನ್ನವ್ವನಿಗೂ ಇದೇ ಆಗಿತ್ತು. ಆಪರೇಷನ್ ಮಾಡಿಸಿದ ಎಂಟು ತಿಂಗಳಿಗೆ ತೀರಿಕೊಂಡಳು. ಗಂಟು ಕೊಲ್ಲಲಿಲ್ಲ, ಚಾಕು ಕೊಂದಿತು ಎಂದು ಅವರ ಮನೆಯಲ್ಲಿ ಇವತ್ತಿಗೂ ನಂಬುತ್ತಾರೆ.

"ನಾ ಹಣಮಪ್ಪನ್ನ ಕೇಳೇನಿ. ಚಾಕು ಹಚ್ಚಿಸಿಕೊಳ್ಳಲೋ ಬ್ಯಾಡೋ ಅಂತ. ಬ್ಯಾಡ ಅಂದಾನ."

"ಯಾವಾಗ ಕೇಳಿದಿ?"

"ನಿಮ್ಮ ಮುಂದ. ನೀವು ಊರು ಕೇಳಾಕ ಬಂದಿದ್ರಿ. ನಾ ಇದನ್ನ ಕೇಳಾಕ ಬಂದಿದ್ದೆ. ಒಬ್ಬಾಕಿನ ಹೋದ್ರ ಯಾಕ ಅಂತ ಕೇಳತಿದ್ರಿ, ಅದಕ್ಕ ಊರಿನ ನೆವ ಹೂಡಿದೆ. ಯಾವ ಊರಾದ್ರ ಏನ್ರಿ ನನಗ?"

ಅವಳ ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಫೋನು ಮಾಡಿದ್ದು, ಯೂರಿಯಾ, ಬಲಗಡೆಗೆ ಗಂಧ, ಎಡಗಡೆಗೆ ಒಣ ಎಸಳು. ಅವಳು ಕೇಳುತ್ತ ಕೇಳುತ್ತ ನಕ್ಕುಬಿಟ್ಟಳು.

"ಅಂಗಡ್ಯಾಗ ದಿವಸಕ್ಕ ಇಪ್ಪತ್ತು ಸುಳ್ಳ ಹೇಳ್ತೀರಿ, ಹೇಳ್ರಿ. ದೇವರ ಮ್ಯಾಲ ಸುಳ್ಳ ಹಾಕಬ್ಯಾಡ್ರಿ. ನನ್ನ ದವಾಖಾನಿಗೆ ಕಳಸಾಕ ಇಷ್ಟ ಕಷ್ಟಪಟ್ಟು ಕತಿ ಕಟ್ಟೀರಲ್ಲ, ಅದ ಸಮಾಧಾನ."

"ಖರೇ ಹೇಳಾಕತ್ತೇನಿ ಶೈಲಾ!"

"ಒದರಬ್ಯಾಡ್ರಿ."

"ಮತ್ತೊಮ್ಮೆ ಕೇಳೂಣು ನಡಿ. ಈ ಸಲ ನಾ ಬಾಗಲದಾಗೂ ಬರಂಗಿಲ್ಲ."

"ಒಮ್ಮೆ ಹೇಳಿಸಿಕೊಂಡ ಮ್ಯಾಲ ಮತ್ತ ಕೇಳಬಾರ್ದು. ಹಂಗ ಕೇಳಿದ್ರ ಅದು ಕೇಳಿದಂಗಲ್ಲ, ಜಗಳ ತಗದಂಗ."

ಮೂರು ದಿನ ಹೇಳಿದೆ. ಬೈದೆ, ಅತ್ತೆ, ಊಟ ಬಿಟ್ಟೆ. ಅವಳು ಆ ಎಸಳನ್ನು ದೇವರ ಜಗಲಿಯ ಮೇಲೆ ಒಂದು ಬೆಳ್ಳಿ ಡಬ್ಬಿಯಲ್ಲಿ ಇಟ್ಟಿದ್ದಳು, ತೆಗೆದು ತೋರಿಸಿದಳು. ಕಂದಾಗಿ ಈರುಳ್ಳಿಯ ಸಿಪ್ಪೆಯ ಹಾಗೆ ಆಗಿತ್ತು.

ನಾಲ್ಕನೆಯ ದಿನ ಪರಶಪ್ಪನ ಹೊಲಕ್ಕೆ ಹೋದೆ. ಕುಸುಬೆಯ ಬದುವಿನ ಮೇಲೆ ಕೂತು ಎಲೆ ಹಾಕುತ್ತಿದ್ದ. ವಿಷಯ ಹೇಳಿದ ಕೂಡಲೇ ಎಲೆ ಉಗುಳಿದ.

"ಜೀವದ ಮಾತಲ್ಲ ಅಂದಿದ್ರಿ."

"ನನಗ ಗೊತ್ತಿರಲಿಲ್ಲೋ."

"ಗೊತ್ತಿಲ್ಲದ ಕೇಳಬಾರ್ದಿತ್ತು. ನಾ ಬರಂಗಿಲ್ರಿ. ನಾಕೂರ ಮಂದಿ ಆ ಕಲ್ಲಿನ ಮ್ಯಾಲ ಭರೋಸಾ ಇಟ್ಟ ಬದುಕ್ಯಾರ. ಪೂಜಾರಿ ಹೂ ಮಾರತಾನ ಅಂತ ಒಬ್ಬರ ಕಿವಿಗೆ ಬಿದ್ರ ಮುಗೀತು. ನನ್ನ ಮಾತ ಬಿಡ್ರಿ, ದೇವರ ಮಾನ ಹೋಗತೈತಿ."

ನನ್ನ ಕೈ ಅವನ ಕೊರಳಪಟ್ಟಿಗೆ ಹೋಯಿತು. ಅವನು ಬಿಡಿಸಿಕೊಳ್ಳಲಿಲ್ಲ, ಸುಮ್ಮನೆ ನೋಡಿದ. ನನ್ನ ವಯಸ್ಸಿನವನೇ, ಐವತ್ತರ ಹತ್ತಿರ. ನಾನು ಕೈ ಬಿಟ್ಟೆ. ಆಮೇಲೆ ಅದೇ ಎರಡು ಕೈ ಜೋಡಿಸಿದೆ. ನಾನು ಹಾಗೆ ಯಾರಿಗೂ ಜೋಡಿಸಿದವನಲ್ಲ. ಗುಡಿಯಲ್ಲೂ ಒಂದೇ ಕೈಯಿಂದ ನಮಸ್ಕಾರ ಮಾಡಿ ಹೋಗುವವನು. ಅವನು ಬಹಳ ಹೊತ್ತು ಕುಸುಬೆಯ ಮುಳ್ಳು ಕೀಳುತ್ತ ಕೂತ.

"ಆ ಗೊಬ್ಬರದಾಗ ಬಂದ ಗೋವಿನಜೋಳ ನಾ ಬಾಯಾಗ ಇಟ್ಟಿಲ್ರಿ. ದನಕ್ಕ ಹಾಕೇನಿ," ಎಂದ. ಎದ್ದು ನನ್ನ ಗಾಡಿಯ ಹಿಂದೆ ಕೂತ.

ಮನೆಗೆ ಬಂದು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಕೂತು, ನೆಲ ನೋಡುತ್ತ ಹೇಳಿದ. ಗಂಧ ಹಚ್ಚಿದ್ದು ಖರೆ, ಒಣ ಎಸಳು ಇಟ್ಟಿದ್ದು ಖರೆ. ಶೈಲಶ್ರೀ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ಅವಳ ಮುಖ ಬದಲಾಗಲಿಲ್ಲ. ಒಳಗೆ ಹೋಗಿ ಅವನಿಗೆ ಚಹಾ ತಂದಿಟ್ಟಳು.

"ಪರಶಪ್ಪಣ್ಣ, ಎಸಳ ಇಟ್ಟಾಂವ ನೀ ಇರಬೌದು. ಕೆಡವಿದಾಂವ ಹಣಮಪ್ಪನ ಅಲ್ಲೇನ? ನಿಮ್ಮಿಬ್ಬರ ಕಳ್ಳಾಟ ಅಂವಗ ಗೊತ್ತಿರಲಿಲ್ಲೇನ? ಬ್ಯಾಡ ಅನ್ನೂದಿತ್ತು, ನಿಮ್ಮ ಕೈಲೆ ಅನಿಸಿದ."

ಪರಶಪ್ಪ ಚಹಾದ ಬಸಿ ಕೆಳಗಿಟ್ಟ.

"ಇಲ್ಲವ್ವ," ಎಂದ. "ಅಂವ ಕೆಡವಲಿಲ್ಲ. ಒಣಾ ಎಸಳು ಕೈ ಬಿಡೂದ್ರಾಗ ಬೀಳಬೇಕಾಗಿತ್ತು. ಹದಿನೈದು ಮಿನಿಟು ಹಿಡಕೊಂಡಿದ್ದ. ಮೂವತ್ತು ವರ್ಷದಾಗ ನಾ ಹಂಗ ನೋಡಿಲ್ಲ. ಸಾವಕಾರ್ರು ಗಂಟಿ ಹೊಡದ್ರು, ಆ ಸಪ್ಪಳಕ್ಕ ಬಿತ್ತು."

"ಹೂ ಬಿದ್ದ ಮ್ಯಾಲ ಗಂಟಿ ಹೊಡದಿ ನೀ."

"ನಾ ಹೊಡೀಲಿಲ್ಲವ್ವ. ಇವರು ಹೊಡದ್ರು. ಗಂಟಿ ಮೊದಲು, ಹೂ ಆಮ್ಯಾಲ."

ಅವಳು ನನ್ನ ಕಡೆ ತಿರುಗಿದಳು. ಗಂಟೆಯ ಮಾತು ನಾನು ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಅದು ನನಗೆ ಹೇಳುವಂಥ ಸಂಗತಿ ಅನ್ನಿಸಿಯೇ ಇರಲಿಲ್ಲ. ತಾಟು ಎಸೆದ ಹಾಗೆ, ಬಾಗಿಲು ಬಡಿದ ಹಾಗೆ ಅದೂ ಒಂದು.

"ಹೌದ್ರಿ?"

"ಹೌದು," ಎಂದೆ. "ಅಬ್ಬಿಗೇರಿಯವರು ಅಂಗಡಿ ಮುಂದ ಬಂದು ನಿಂತಿದ್ರು."

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. ಓಣಿಯಲ್ಲಿ ಯಾರೋ ನಾಯಿಯನ್ನು ಹಚಾ ಹಚಾ ಎಂದು ಓಡಿಸುತ್ತಿದ್ದರು. ಪರಶಪ್ಪ ಎದ್ದು ಹೇಳದೆ ಹೋದ.

"ಎರಡ ತಿಂಗಳಾತು," ಎಂದಳು, ನನಗೆ ಹೇಳಿದ ಹಾಗೂ ಅಲ್ಲ. "ಎರಡ ತಿಂಗಳಾತು ನಾ ಅಂವನ ಮ್ಯಾಲ ಸಿಟ್ಟಾಗಿ ದೀಪ ಹಚ್ಚಿಲ್ಲ. ಬದಕೂ ದಾರಿನೂ ಬ್ಯಾಡ ಅಂದಿ ಅಲ್ಲೋ ಅಂತ ಬೈದೇನಿ. ಅಂವ ಪಾಪ ಏನೂ ಅಂದೇ ಇಲ್ಲ."

ಎದ್ದು ಒಳಗೆ ಹೋದಳು. ಡಬ್ಬಿಯೊಳಗಿನ ಎಸಳನ್ನು ತುಳಸಿಯ ಬುಡಕ್ಕೆ ಹಾಕಿ, ದೀಪ ಹಚ್ಚಿ, ಕೆಂಪು ಸೂಟಕೇಸಿನ ಮೇಲಿನ ಚಾದರ ತೆಗೆದಳು.

"ಹುಬ್ಬಳ್ಳಿ ಬಸ್ಸು ಎಷ್ಟಕ್ಕ ಐತಿ?"

ಅಂದಿನಿಂದ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ನೀರು ಕೊಡ್ರಿ, ಲೈಟ್ ತಗೀರಿ. ನಾನು ಒದರುವುದನ್ನು ಬಿಟ್ಟಿದ್ದೇನೆ, ಆದರೆ ಅದನ್ನು ಅವಳು ಗಮನಿಸಿದ ಹಾಗೆ ಕಾಣುವುದಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಎಡಗಡೆಯ ಎದೆ ತೆಗೆದರು. ಬಗಲಿನಲ್ಲಿ ಹನ್ನೊಂದು ಗಂಟು ಸಿಕ್ಕವು, ಏಳರಲ್ಲಿ ಬೇನೆ ಇತ್ತು. ತಡವಾಗಿ ಬಂದಿರಿ ಎಂದರು ಡಾಕ್ಟರು. ದೀಪಾವಳಿಗೇ ಬಂದಿದ್ದರೆ ಎಂದು ಕೇಳಿದೆ. ಅದನ್ನು ಹೇಳಲಿಕ್ಕೆ ಆಗುವುದಿಲ್ಲ ಎಂದರು. ಇನ್ನೊಬ್ಬ ಡಾಕ್ಟರನ್ನು ಕೇಳಿದೆ. ಅವರೂ ಹಾಗೇ ಎಂದರು. ವಾರ್ಡಿನ ಸಿಸ್ಟರನ್ನೂ ಕೇಳಿದೆ. ಆಗ ಬಂದಿದ್ದರೆ ಏನಾಗುತ್ತಿತ್ತು ಎಂದು ಗಟ್ಟಿಯಾಗಿ ಹೇಳುವವರು ಈ ಹುಬ್ಬಳ್ಳಿಯಲ್ಲಿ ಒಬ್ಬರೂ ಸಿಗಲಿಲ್ಲ.

ಸಂಕ್ರಾಂತಿ ಮುಗಿದು ನಾಲ್ಕು ದಿನಕ್ಕೆ ಬ್ಯಾಚು ಸೈಗಾನ್‌ಗೆ ಹೋಯಿತು. ಮೊಬೈಲಿನಲ್ಲಿ ಅಂಗಡಿಕಾರರ ವಾಟ್ಸಾಪ್ ಗುಂಪಿಗೆ ಫೋಟೊ ಬೀಳತೊಡಗಿದವು. ಎತ್ತರದ ಬಿಲ್ಡಿಂಗು, ದೊಡ್ಡ ಹೊಳೆ, ಬೋಟಿನಲ್ಲಿ ಅಂದಾನೆಪ್ಪ ತಾಳೆಗರಿಯ ಟೊಪ್ಪಿಗೆ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ. ನಾನು ಗುಂಪು ಮುಚ್ಚಿಬಿಟ್ಟೆ. ವಾರ್ಡಿನ ಮಂಚದ ಕೆಳಗೆ ಕೆಂಪು ಸೂಟಕೇಸು ಇತ್ತು. ಅದರಲ್ಲಿ ಹುಸ್ನಾ ಹೊಲಿದ ಚೂಡಿದಾರವೂ ಇತ್ತು. ಅಳತೆ ಈಗ ಕೂಡುವುದಿಲ್ಲ.

ಔಷಧ ಏರಿಸಿದ ದಿನ ಶೈಲಶ್ರೀಗೆ ಮೈಯೆಲ್ಲ ಉರಿ. ಫ್ಯಾನು ಸಾಲುವುದಿಲ್ಲ, ಒದ್ದೆ ಬಟ್ಟೆ ಸಾಲುವುದಿಲ್ಲ. ಆಗ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಒಂದು ಮಾತು ಕೇಳುತ್ತಾಳೆ. ಪ್ರತಿ ಸಲ ಅದೊಂದೇ ಮಾತು.

"ಹನೋಯ್‌ದಾಗ ಇವತ್ತ ಚಳಿ ಎಷ್ಟ ಐತಿ?"

ನಾನು ಮೊಬೈಲು ತೆಗೆದು ನೋಡುತ್ತೇನೆ.

"ಹದಿಮೂರು," ಎನ್ನುತ್ತೇನೆ. "ಮಂಜು ಬಿದ್ದೈತಿ."

ಅವಳು ಬಾಯಿ ಸ್ವಲ್ಪ ತೆರೆದು, ಗೋಡೆಗೆ ಮೆಲ್ಲಗೆ ಉಸಿರು ಬಿಡುತ್ತಾಳೆ.